ಸಮುದಾಯ ಶ್ವಾಸಕೋಶ ಕ್ಯಾನ್ಸರ್ ತಪಾಸಣೆಯಲ್ಲಿ ಶುಶ್ರೂಷಾ ಸಿಬ್ಬಂದಿಯ ಪಾತ್ರ: ರಾಯಚೂರು, ದೇವದುರ್ಗ, ಮಾನ್ವಿ

ಸಮುದಾಯ ಶ್ವಾಸಕೋಶ ಕ್ಯಾನ್ಸರ್ ತಪಾಸಣೆಯಲ್ಲಿ ಶುಶ್ರೂಷಾ ಸಿಬ್ಬಂದಿಯ ಪಾತ್ರ ಎಂಬುದು ಹಲವು ಕೆಲಸಗಳನ್ನು ಒಟ್ಟಾಗಿ ಸೂಚಿಸುವ ಮಾತು. ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚಿರುವವರನ್ನು ಅವರ ಊರು, ಓಣಿ, ಮನೆಗಳಲ್ಲೇ ಗುರುತಿಸುವುದು, ಅವರನ್ನು ಪರೀಕ್ಷೆಗೆ ಒಪ್ಪಿಸುವುದು, ಫಲಿತಾಂಶ ತಿಳಿಸುವುದು, ತಂಬಾಕು ಬಿಡಿಸುವುದು, ಚಿಕಿತ್ಸೆಯುದ್ದಕ್ಕೂ ಜೊತೆಗಿರುವುದು ಇದರಲ್ಲಿ ಸೇರುತ್ತವೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಪಾತ್ರ ಕಡಿಮೆ ಪ್ರಮಾಣದ ವಿಕಿರಣ ಬಳಸುವ ಸಿ.ಟಿ. ಸ್ಕ್ಯಾನ್ ಸುತ್ತ ಬೆಳೆದಿದೆ. ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ರಾಷ್ಟ್ರಮಟ್ಟದ ತಪಾಸಣಾ ಕಾರ್ಯಕ್ರಮ ಇಲ್ಲ. ಹೀಗಾಗಿ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯಲ್ಲಿ ಈ ಕೆಲಸ ಅಸಾಂಕ್ರಾಮಿಕ ರೋಗಗಳ ಮನೆಮನೆ ತಪಾಸಣೆ, ಕ್ಷಯರೋಗ ಪತ್ತೆ ಮತ್ತು ತಂಬಾಕು ನಿಯಂತ್ರಣ ಎಂಬ ಮೂರು ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಂಚಿಹೋಗಿದೆ. ಮೂರರ ಎಳೆಗಳನ್ನೂ ಕೈಯಲ್ಲಿ ಹಿಡಿದವರು ಉಪಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯವರೆಗಿನ ಶುಶ್ರೂಷಾ ಸಿಬ್ಬಂದಿ.

ಪಾರಿಭಾಷಿಕ ಪದಗಳು

ಕನ್ನಡದಲ್ಲಿ ‘ತಪಾಸಣೆ’ ಎಂಬ ಒಂದೇ ಪದ ಎರಡು ಬೇರೆ ಕ್ರಿಯೆಗಳಿಗೆ ಬಳಕೆಯಾಗುತ್ತದೆ. ರೋಗದ ಯಾವ ಲಕ್ಷಣವೂ ಇಲ್ಲದವರಲ್ಲಿ ಅಡಗಿರಬಹುದಾದ ರೋಗವನ್ನು ಹುಡುಕುವುದು ಮೊದಲನೆಯದು. ಈ ಲೇಖನದಲ್ಲಿ ‘ತಪಾಸಣೆ’ ಎಂದರೆ ಇದೇ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿತ ಮುಂತಾದ ಲಕ್ಷಣ ಕಾಣಿಸಿಕೊಂಡವರಲ್ಲಿ ರೋಗವನ್ನು ತಡಮಾಡದೆ ಕಂಡುಹಿಡಿಯುವುದು ಎರಡನೆಯದು. ಇದಕ್ಕೆ ‘ಶೀಘ್ರ ಪತ್ತೆ’ ಎಂಬ ಪದವನ್ನು ಇಲ್ಲಿ ಬಳಸಲಾಗಿದೆ. ರಾಯಚೂರು ಜಿಲ್ಲೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕುರಿತು ನಡೆಯುವ ಹೆಚ್ಚಿನ ಕೆಲಸ ಶೀಘ್ರ ಪತ್ತೆಯದು. ಈ ವ್ಯತ್ಯಾಸ ಪದಗಳಿಗಷ್ಟೇ ಸೀಮಿತವಲ್ಲ. ಲಕ್ಷಣವಿಲ್ಲದವರನ್ನು ಪರೀಕ್ಷೆಗೆ ಕರೆಯುವಾಗ ಸಿಬ್ಬಂದಿ ಕೊಡಬೇಕಾದ ಮಾಹಿತಿ ಬೇರೆ, ರಕ್ತ ಕೆಮ್ಮುತ್ತಿರುವವರನ್ನು ಅದೇ ವಾರ ಆಸ್ಪತ್ರೆಗೆ ಕಳಿಸುವಾಗ ತೋರಬೇಕಾದ ತುರ್ತು ಬೇರೆ.

‘ಶುಶ್ರೂಷಾ ಸಿಬ್ಬಂದಿ’ ಎಂಬ ಪದ ಇಲ್ಲಿ ಮೂರು ಹುದ್ದೆಗಳನ್ನು ಒಳಗೊಳ್ಳುತ್ತದೆ. ಆಸ್ಪತ್ರೆಗಳ ಶುಶ್ರೂಷಾಧಿಕಾರಿ, ಅಂದರೆ ಹಿಂದಿನ ಸ್ಟಾಫ್ ನರ್ಸ್. ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಅಂದರೆ ಹಿಂದಿನ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿ.ಎಚ್.ಒ. ಜನರ ಬಾಯಲ್ಲಿ ಇವರೆಲ್ಲರೂ ‘ಸಿಸ್ಟರ್’ ಅಥವಾ ‘ನರ್ಸಮ್ಮ’. ಆಶಾ ಕಾರ್ಯಕರ್ತೆ ಶುಶ್ರೂಷಾ ಸಿಬ್ಬಂದಿಯಲ್ಲ. ಆದರೆ ಆಕೆಯಿಲ್ಲದೆ ಮೇಲಿನ ಯಾರ ಕೆಲಸವೂ ಮನೆಬಾಗಿಲು ಮುಟ್ಟುವುದಿಲ್ಲ.

ಹುಟ್ಟು ಮತ್ತು ಬೆಳವಣಿಗೆ

ಶ್ವಾಸಕೋಶದ ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ಯತ್ನ ಎದೆಯ ಎಕ್ಸ್‌ರೇಯಿಂದ ಆರಂಭವಾಯಿತು. ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ಮೇಯೊ ಅಧ್ಯಯನವೂ, 2011ರಲ್ಲಿ ಫಲಿತಾಂಶ ಪ್ರಕಟಿಸಿದ ಇನ್ನೊಂದು ದೊಡ್ಡ ಅಧ್ಯಯನವೂ ಒಂದೇ ಮಾತು ಹೇಳಿದವು: ಲಕ್ಷಣವಿಲ್ಲದವರಿಗೆ ಎಕ್ಸ್‌ರೇ ತೆಗೆದು ಹುಡುಕುವುದರಿಂದ ಶ್ವಾಸಕೋಶದ ಕ್ಯಾನ್ಸರ್ ಸಾವು ತಗ್ಗುವುದಿಲ್ಲ. ಎಕ್ಸ್‌ರೇಯಲ್ಲಿ ಕಾಣುವಷ್ಟು ದೊಡ್ಡದಾಗುವ ಹೊತ್ತಿಗೆ ಎಷ್ಟೋ ಗಡ್ಡೆಗಳು ಹರಡಿರುತ್ತವೆ, ಸಣ್ಣವು ಎಲುಬು ಮತ್ತು ಹೃದಯದ ನೆರಳಲ್ಲಿ ಮರೆಯಾಗುತ್ತವೆ.

ದಿಕ್ಕು ಬದಲಿಸಿದ್ದು ಸಿ.ಟಿ. ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗದಲ್ಲಿ 55ರಿಂದ 74 ವರ್ಷದ, ಬಹುಕಾಲ ಧೂಮಪಾನ ಮಾಡಿದ 53,454 ಜನ ಭಾಗವಹಿಸಿದ್ದರು. ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಕಡಿಮೆ ಪ್ರಮಾಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20ರಷ್ಟು ಕಡಿಮೆ ಎಂದು 2011ರಲ್ಲಿ ಅದು ತೋರಿಸಿತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ನೆಲ್ಸನ್ ಪ್ರಯೋಗ 2020ರಲ್ಲಿ ಗಂಡಸರಲ್ಲಿ ಶೇ 24ರ ಇಳಿಕೆಯನ್ನು ವರದಿ ಮಾಡಿತು. ಅಮೆರಿಕದ ಈಗಿನ ಶಿಫಾರಸು 2021ರದು. ವಯಸ್ಸು 50ರಿಂದ 80, ಕನಿಷ್ಠ 20 ಪ್ಯಾಕ್-ವರ್ಷಗಳ ಧೂಮಪಾನ, ಈಗಲೂ ಸೇದುತ್ತಿರಬೇಕು ಇಲ್ಲವೇ ಬಿಟ್ಟು 15 ವರ್ಷ ದಾಟಿರಬಾರದು. ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕ್‌ನಂತೆ ಒಂದು ವರ್ಷ ಸೇದಿದರೆ ಅದು ಒಂದು ಪ್ಯಾಕ್-ವರ್ಷ.

ಶುಶ್ರೂಷಕಿಯರ ಪಾತ್ರ ಸ್ಪಷ್ಟ ರೂಪ ಪಡೆದದ್ದು ಇಂಗ್ಲೆಂಡಿನಲ್ಲಿ. 2016ರಲ್ಲಿ ಮ್ಯಾಂಚೆಸ್ಟರ್ ನಗರದ ಬಡ ಬಡಾವಣೆಗಳ ಮಾರುಕಟ್ಟೆಗಳ ಪಕ್ಕ ಸಿ.ಟಿ. ಯಂತ್ರವಿದ್ದ ವಾಹನ ನಿಲ್ಲಿಸಿ ‘ಶ್ವಾಸಕೋಶ ಆರೋಗ್ಯ ತಪಾಸಣೆ’ ನಡೆಸಲಾಯಿತು. ಬಂದವರನ್ನು ಮೊದಲು ಮಾತನಾಡಿಸುತ್ತಿದ್ದವರು ತರಬೇತಾದ ಶುಶ್ರೂಷಕಿಯರು. ಧೂಮಪಾನದ ಇತಿಹಾಸ ಕೇಳುವುದು, ಅಪಾಯದ ಲೆಕ್ಕ ಹಾಕುವುದು, ಉಸಿರಿನ ಬಲ ಅಳೆಯುವುದು ಅವರ ಕೆಲಸ. ಅಪಾಯ ಹೆಚ್ಚಿದ್ದವರಿಗೆ ಅಲ್ಲೇ ಸ್ಕ್ಯಾನ್ ಆಗುತ್ತಿತ್ತು. 2019ರಿಂದ ಇದು ಇಂಗ್ಲೆಂಡಿನ ಹಲವು ಭಾಗಗಳಿಗೆ ಹರಡಿತು. ಅಲ್ಲಿನ ರಾಷ್ಟ್ರೀಯ ತಪಾಸಣಾ ಸಮಿತಿ 2022ರಲ್ಲಿ ಇಡೀ ದೇಶಕ್ಕೆ ಇದನ್ನು ಶಿಫಾರಸು ಮಾಡಿತು. ರೋಗಿಯ ಕೈಹಿಡಿದು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿಸುವ ಮಾರ್ಗದರ್ಶಿ ಎಂಬ ಪರಿಕಲ್ಪನೆ ಇದಕ್ಕೂ ಹಳೆಯದು. ಅದನ್ನು 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ ಆರಂಭಿಸಿದ್ದರು.

ಭಾರತದ ದಾರಿ ಬೇರೆಯಾಯಿತು. 2010ರಲ್ಲಿ ಆರಂಭವಾದ ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 30 ವರ್ಷ ದಾಟಿದವರೆಲ್ಲರ ತಪಾಸಣೆಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ಆರಿಸಿಕೊಂಡಿತು. ಈ ಮೂರನ್ನೂ ಕಣ್ಣು ಮತ್ತು ಕೈಯ ಸರಳ ಪರೀಕ್ಷೆಯಿಂದ ಶುಶ್ರೂಷಕಿಯೇ ಗುರುತಿಸಬಹುದು. ಶ್ವಾಸಕೋಶಕ್ಕೆ ಅಂಥ ಸರಳ ಪರೀಕ್ಷೆ ಇಲ್ಲ. ಅದು ಪಟ್ಟಿಯ ಹೊರಗೆ ಉಳಿದದ್ದಕ್ಕೆ ಇದೊಂದು ಕಾರಣ. ಕ್ಷಯರೋಗ ಇನ್ನೊಂದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ವಾಸಿಯಾದ ಕ್ಷಯ ಶ್ವಾಸಕೋಶದಲ್ಲಿ ಬಿಟ್ಟುಹೋಗುವ ಕಲೆ ಮತ್ತು ಗಂಟುಗಳು ಸಿ.ಟಿ.ಯಲ್ಲಿ ಕ್ಯಾನ್ಸರ್‌ನಂತೆಯೇ ಕಾಣಬಲ್ಲವು. ಅಮೆರಿಕದ ಪ್ರಯೋಗದಲ್ಲೇ ಸಂಶಯ ಹುಟ್ಟಿಸಿದ ಸ್ಕ್ಯಾನ್‌ಗಳಲ್ಲಿ ಶೇ 96ಕ್ಕೂ ಹೆಚ್ಚು ಕೊನೆಗೆ ಕ್ಯಾನ್ಸರ್ ಆಗಿರಲಿಲ್ಲ.

ಪ್ರದೇಶದ ಹಿನ್ನೆಲೆ

ರಾಯಚೂರು ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದ ಭಾಗ. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ ಮಾತ್ರ. ಮಾನ್ವಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ದೇವದುರ್ಗ ಕೃಷ್ಣೆಯ ಬಲದಂಡೆಯಲ್ಲಿದೆ. ಅಲ್ಲಿನ ತಾಂಡಾ ಮತ್ತು ದೊಡ್ಡಿಗಳಿಂದ ಪ್ರತಿವರ್ಷ ಕುಟುಂಬಗಳು ಕೆಲಸ ಹುಡುಕಿಕೊಂಡು ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗುತ್ತವೆ.

ಶ್ವಾಸಕೋಶದ ಕ್ಯಾನ್ಸರ್‌ಗೆ ಅತಿ ದೊಡ್ಡ ಕಾರಣ ತಂಬಾಕಿನ ಹೊಗೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 28.6, ಕರ್ನಾಟಕದಲ್ಲಿ ಶೇ 22.8 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಈ ಭಾಗದ ಹಳ್ಳಿಗಳಲ್ಲಿ ಸಿಗರೇಟಿಗಿಂತ ಬೀಡಿಯ ಬಳಕೆ ಹೆಚ್ಚು, ಹಿರಿಯರಲ್ಲಿ ಚುಟ್ಟಾ ಕೂಡ ಉಂಟು. ಬೀಡಿಯಲ್ಲಿ ತಂಬಾಕು ಕಡಿಮೆ ಇದ್ದರೂ ಅದರ ಎಲೆ ಸುಲಭವಾಗಿ ಉರಿಯದು. ಆರದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುತ್ತದೆ. ಆದ್ದರಿಂದ ಬೀಡಿ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ತಪ್ಪು.

ತಂಬಾಕು ಮುಟ್ಟದವರಿಗೂ ಈ ರೋಗ ಬರುತ್ತದೆ. ಭಾರತದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅಂಥವರ ಪಾಲು ಗಣನೀಯ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ ದಶಕಗಳ ಕಾಲ ಕೂತವರ ಎದೆಗೆ ಸೇರಿದ ಹೊಗೆ ಸಣ್ಣದಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಟ್ಟಿಗೆ, ಕುಳ್ಳಿನಂಥ ಇಂಧನದ ಮನೆಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದೂ, ಮನೆಯೊಳಗಿನ ಕಲ್ಲಿದ್ದಲ ಹೊಗೆ, ಹೊರಗಿನ ವಾಯುಮಾಲಿನ್ಯ, ಡೀಸೆಲ್ ಹೊಗೆ, ಸಿಲಿಕಾ ದೂಳು ಮತ್ತು ಆರ್ಸೆನಿಕ್‌ಗಳನ್ನು ‘ಖಚಿತ ಕ್ಯಾನ್ಸರ್‌ಕಾರಕ’ ಎಂದೂ ವರ್ಗೀಕರಿಸಿದೆ.

ಈ ಪಟ್ಟಿ ಕೈಯಲ್ಲಿಟ್ಟುಕೊಂಡು ಜಿಲ್ಲೆಯನ್ನು ನೋಡಿದರೆ ಶುಶ್ರೂಷಕಿ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಸಿಗುತ್ತವೆ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ನಗರದ ಮಗ್ಗುಲಲ್ಲೇ ಯರಮರಸ್‌ನ 1,600 ಮೆಗಾವಾಟ್ ಕೇಂದ್ರವಿದೆ. ಹಾರುಬೂದಿ ತುಂಬುವ, ಸಾಗಿಸುವ, ಅದರಿಂದ ಇಟ್ಟಿಗೆ ಮಾಡುವ ಕೆಲಸಗಾರರು ನಗರ ಮತ್ತು ಸುತ್ತಲ ಹಳ್ಳಿಗಳವರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವಾಗ ಸಿಲಿಕಾ ದೂಳು ಏಳುತ್ತದೆ. ಆ ಚಿನ್ನದ ಪಟ್ಟಿಯ ಆಸುಪಾಸಿನ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಗುಳೆ ಹೋದವರು ನಗರಗಳಲ್ಲಿ ಮಾಡುವುದು ಕಲ್ಲು ಕೊಯ್ಯುವ, ಸಿಮೆಂಟು ಕಲಸುವ ಕೆಲಸ. ಮಾನ್ವಿ ಮತ್ತು ರಾಯಚೂರಿನ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲುಗಳ ದೂಳು ದೀರ್ಘಕಾಲದ ಕೆಮ್ಮು ಮತ್ತು ದಮ್ಮಿಗೆ ಕಾರಣ. ಅದನ್ನು ಕ್ಯಾನ್ಸರ್‌ಗೆ ನೇರ ಕಾರಣ ಎನ್ನಲಾಗದು. ಆದರೆ ‘ಗಿರಣಿ ಕೆಮ್ಮು’ ಎಂಬ ಹೆಸರಿನ ಅಡಿಯಲ್ಲಿ ಬೇರೆ ಕೆಮ್ಮು ಅಡಗಿ ಕೂರಬಹುದು.

ಸಿಬ್ಬಂದಿಯ ರಚನೆ

ಸರ್ಕಾರಿ ವ್ಯವಸ್ಥೆಯ ತಳಹಂತದಲ್ಲಿ ಸುಮಾರು 1,000 ಜನರಿಗೆ ಒಬ್ಬ ಆಶಾ, ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡವಿದೆ. 2018ರ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳು ಕ್ಷೇಮ ಕೇಂದ್ರಗಳಾದವು, 2023ರಲ್ಲಿ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂತು. ಅಲ್ಲಿನ ಸಿ.ಎಚ್.ಒ. ಸಾಮಾನ್ಯವಾಗಿ ಬಿ.ಎಸ್ಸಿ. ನರ್ಸಿಂಗ್ ಓದಿದವರು. ರಕ್ತದೊತ್ತಡ, ಸಕ್ಕರೆ ಪರೀಕ್ಷೆ, ಬಾಯಿ ಕ್ಯಾನ್ಸರ್ ತಪಾಸಣೆ, ಟೆಲಿ ಸಮಾಲೋಚನೆ ಅವರ ಹೊಣೆ. ನಗರದ ಬಡಾವಣೆಗಳಲ್ಲಿ ಇದೇ ಕೆಲಸವನ್ನು ನಗರ ಆರೋಗ್ಯ ಕೇಂದ್ರಗಳು ಮತ್ತು ನಮ್ಮ ಕ್ಲಿನಿಕ್‌ಗಳು ಮಾಡುತ್ತವೆ.

ಮೇಲಿನ ಹಂತದಲ್ಲಿ ದೇವದುರ್ಗ ಮತ್ತು ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಿವೆ. ರಾಯಚೂರು ನಗರದಲ್ಲಿ 2007ರಲ್ಲಿ ಸ್ಥಾಪನೆಯಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ರಿಮ್ಸ್, ಮತ್ತು ಜನ ಇಂದಿಗೂ ಓಪೆಕ್ ದವಾಖಾನೆ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇವೆ. ಖಾಸಗಿ ವಲಯದಲ್ಲಿ ನವೋದಯ ವೈದ್ಯಕೀಯ ಮಹಾವಿದ್ಯಾಲಯವಿದೆ. ಕ್ಯಾನ್ಸರ್‌ನ ಪೂರ್ಣ ಚಿಕಿತ್ಸೆಗೆ ಜನ ಹೋಗುವುದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ, ಕಲಬುರಗಿಯಲ್ಲಿರುವ ಅದರ ಘಟಕಕ್ಕೆ, ಇಲ್ಲವೇ ಹೈದರಾಬಾದಿಗೆ. ರಾಯಚೂರಿನಿಂದ ಬೆಂಗಳೂರು 400 ಕಿಲೋಮೀಟರ್ ಮೀರಿದ ದೂರ, ಹೈದರಾಬಾದ್ ಅದರ ಅರ್ಧ. ಭಾಷೆ ಕನ್ನಡವಾದರೂ ಈ ಭಾಗದ ರೋಗಿಯ ಕಾಲು ಹೈದರಾಬಾದಿನ ಕಡೆ ತಿರುಗುವುದಕ್ಕೆ ಹಳೆಯ ನಂಟಿನಷ್ಟೇ ಈ ಲೆಕ್ಕವೂ ಕಾರಣ.

ಅಪಾಯ ಗುರುತಿಸುವಿಕೆ

ಮನೆಮನೆ ತಪಾಸಣೆಯ ಮೂಲ ಸಾಧನ ‘ಸಿಬ್ಯಾಕ್’ ಎಂದು ಕರೆಯುವ ಸಮುದಾಯ ಆಧಾರಿತ ಅಪಾಯ ಪರಿಶೀಲನಾ ಪಟ್ಟಿ. ಆಶಾ ಇದನ್ನು ತುಂಬುತ್ತಾಳೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮತ್ತು ಸಿ.ಎಚ್.ಒ. ಪರಿಶೀಲಿಸುತ್ತಾರೆ. ಮೊದಲ ಭಾಗದಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಕುಟುಂಬದ ಇತಿಹಾಸಗಳಿಗೆ ಅಂಕಗಳಿವೆ. ಮೊತ್ತ 4 ದಾಟಿದವರನ್ನು ಮೊದಲು ತಪಾಸಣೆಗೆ ಕರೆಯಬೇಕು. ಎರಡನೆಯ ಭಾಗದಲ್ಲಿ ಉಸಿರಾಟದ ತೊಂದರೆ, ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿತ ಮುಂತಾದ ಲಕ್ಷಣಗಳ ಪ್ರಶ್ನೆಗಳಿವೆ. ಇನ್ನೊಂದು ಭಾಗ ಅಡುಗೆಯ ಇಂಧನ ಯಾವುದು, ಕೂಳೆ ಅಥವಾ ಕಸ ಸುಡುವ ಕೆಲಸ ಉಂಟೇ, ಇಟ್ಟಿಗೆ ಭಟ್ಟಿಯಂಥ ಹೊಗೆ-ದೂಳಿನ ಜಾಗದಲ್ಲಿ ದುಡಿಮೆಯೇ ಎಂದು ಕೇಳುತ್ತದೆ.

ಅಂದರೆ ಶ್ವಾಸಕೋಶದ ಕ್ಯಾನ್ಸರ್ ಎಂಬ ಹೆಸರು ಕಾರ್ಯಕ್ರಮದಲ್ಲಿ ಇಲ್ಲದಿದ್ದರೂ ಅದನ್ನು ಸಂಶಯಿಸಲು ಬೇಕಾದ ಬಹುಪಾಲು ಪ್ರಶ್ನೆಗಳು ಪಟ್ಟಿಯಲ್ಲೇ ಇವೆ. ಕೊರತೆ ಇರುವುದು ಒಂದು ಮುಖ್ಯ ಜಾಗದಲ್ಲಿ. ಸೇದುವ ತಂಬಾಕು ಮತ್ತು ಅಗಿಯುವ ತಂಬಾಕು ಎರಡನ್ನೂ ಪಟ್ಟಿ ಒಂದೇ ಪ್ರಶ್ನೆಯಲ್ಲಿ ಕೇಳುತ್ತದೆ, ಎಷ್ಟು ವರ್ಷ, ದಿನಕ್ಕೆ ಎಷ್ಟು ಎಂದು ಕೇಳುವುದಿಲ್ಲ. ಬಾಯಿ ಕ್ಯಾನ್ಸರ್‌ಗೆ ಗುಟ್ಕಾ ಎಷ್ಟು ಮುಖ್ಯವೋ ಶ್ವಾಸಕೋಶಕ್ಕೆ ಬೀಡಿಯ ವರ್ಷಗಳು ಅಷ್ಟೇ ಮುಖ್ಯ.

ಆ ಲೆಕ್ಕ ತೆಗೆಯುವುದು ಶುಶ್ರೂಷಕಿಯ ಕೌಶಲ. ‘ದಿನಕ್ಕ ಎಷ್ಟು ಸೇದ್ತೀರಿ’ ಎಂದರೆ ಬರುವ ಉತ್ತರ ‘ಒಂದು ಕಟ್ಟು’. ಆ ಕಟ್ಟಿನಲ್ಲಿ ಎಷ್ಟು ಬೀಡಿ ಇರುತ್ತವೆ, ಅದನ್ನು ಹೊಲದಲ್ಲಿ ಎಷ್ಟು ಜನ ಹಂಚಿಕೊಳ್ಳುತ್ತಾರೆ, ಒಂದು ಕಟ್ಟು ಮುಗಿದು ಇನ್ನೊಂದು ಕೊಳ್ಳುವುದು ಅದೇ ದಿನವೋ ಮರುದಿನವೋ ಎಂದು ಬಿಡಿಸಿ ಕೇಳಬೇಕಾಗುತ್ತದೆ. ಯಾವ ವಯಸ್ಸಿನಿಂದ ಎಂಬುದಕ್ಕೂ ಇಸವಿ ಸಿಗುವುದಿಲ್ಲ. ಮದುವೆಗೆ ಮೊದಲೋ ನಂತರವೋ, ಹಿರಿಮಗ ಹುಟ್ಟಿದಾಗ ಸೇದುತ್ತಿದ್ದರೋ ಎಂದು ಕೇಳಿದರೆ ವರ್ಷ ತಾನಾಗಿ ಹೊರಬರುತ್ತದೆ. ಹೀಗೆ ಸಿಕ್ಕ ದಿನದ ಬೀಡಿಗಳ ಸಂಖ್ಯೆಯನ್ನು ವರ್ಷಗಳಿಂದ ಗುಣಿಸಿದರೆ ಬರುವುದು ಧೂಮಪಾನ ಸೂಚ್ಯಂಕ. ದಿನಕ್ಕೆ 15 ಬೀಡಿಯಂತೆ 30 ವರ್ಷ ಸೇದಿದವರದು 450. ಭಾರತದ ಶ್ವಾಸಕೋಶ ತಜ್ಞರು 300 ಮೀರಿದ್ದನ್ನು ಭಾರಿ ಧೂಮಪಾನ ಎಂದು ಪರಿಗಣಿಸುತ್ತಾರೆ. ಸಿಗರೇಟಿಗೆಂದು ರೂಪಿಸಿದ ಪ್ಯಾಕ್-ವರ್ಷಕ್ಕಿಂತ ಇಲ್ಲಿ ಈ ಸೂಚ್ಯಂಕವೇ ಹೆಚ್ಚು ಉಪಯುಕ್ತ.

ಹೆಂಗಸರಿಗೆ ಕೇಳುವ ಪ್ರಶ್ನೆ ಒಲೆಯದು. ಗ್ಯಾಸ್ ಸಿಲಿಂಡರ್ ಮನೆಯಲ್ಲಿದೆ ಎಂದ ಮಾತ್ರಕ್ಕೆ ಹೊಗೆ ಇಲ್ಲವೆಂದಲ್ಲ. ಚಹಾಕ್ಕೆ ಗ್ಯಾಸ್, ರೊಟ್ಟಿಗೆ ಕಟ್ಟಿಗೆ ಒಲೆ ಎಂಬ ಮನೆಗಳಿವೆ. ‘ರೊಟ್ಟಿ ಯಾವ ಒಲಿ ಮ್ಯಾಲ ಮಾಡ್ತೀರಿ’ ಎಂಬುದು ‘ಇಂಧನ ಯಾವುದು’ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ.

ಕಫದ ಡಬ್ಬಿಯ ನಂತರ

ಶೀಘ್ರ ಪತ್ತೆಯ ಅತಿ ಸೂಕ್ಷ್ಮ ಘಟ್ಟ ಕ್ಷಯ ಪರೀಕ್ಷೆಯ ನಂತರದ್ದು. ಎರಡು ವಾರ ಮೀರಿದ ಕೆಮ್ಮು ಇದ್ದವರಿಗೆ ಸಿಬ್ಬಂದಿ ಕಫದ ಡಬ್ಬಿ ಕೊಡುತ್ತಾರೆ. ಮಾದರಿ ಸೂಕ್ಷ್ಮದರ್ಶಕ ಕೇಂದ್ರಕ್ಕೆ ಅಥವಾ ಟ್ರೂನಾಟ್, ಸಿ.ಬಿ.ನಾಟ್ ಯಂತ್ರಕ್ಕೆ ಹೋಗುತ್ತದೆ. ಕ್ಷಯ ಇದ್ದರೆ ಮುಂದಿನ ದಾರಿ ಸ್ಪಷ್ಟ. ಚಿಕಿತ್ಸೆ, ಗುಳಿಗೆ, ಪೋಷಣೆಯ ನೆರವು ಎಲ್ಲಕ್ಕೂ ವ್ಯವಸ್ಥೆ ಇದೆ. ಕ್ಷಯ ಇಲ್ಲ ಎಂದು ವರದಿ ಬಂದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ, ಕೆಮ್ಮು ಮಾತ್ರ ಉಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರ್ ತಿಂಗಳುಗಟ್ಟಲೆ ಕೈತಪ್ಪಿಹೋಗುವುದು ಇಲ್ಲಿಯೇ. ಕಫದಲ್ಲಿ ಕ್ಷಯ ಇಲ್ಲ ಎಂಬ ಚೀಟಿ ಕೆಮ್ಮಿಗೆ ಕಾರಣ ಸಿಕ್ಕಿತು ಎಂಬ ಚೀಟಿಯಲ್ಲ. ಆ ವ್ಯಕ್ತಿಯ ಹೆಸರನ್ನು ಪಟ್ಟಿಯಿಂದ ಹೊಡೆಯದೆ ಎಕ್ಸ್‌ರೇಗೆ, ಅಲ್ಲಿಂದ ವೈದ್ಯರ ಬಳಿಗೆ ಮುಟ್ಟಿಸುವುದು ಇಡೀ ಸರಪಳಿಯಲ್ಲಿ ಶುಶ್ರೂಷಾ ಸಿಬ್ಬಂದಿಯಿಂದ ಮಾತ್ರ ಆಗಬಹುದಾದ ಕೆಲಸ. ಏಕೆಂದರೆ ಆ ಮನೆಯ ಕೆಮ್ಮು ಇನ್ನೂ ನಿಂತಿಲ್ಲ ಎಂದು ತಿಳಿದಿರುವವರು ಅವರೇ.

ಇದಕ್ಕೆ ಸಮವಾದ ಇನ್ನೊಂದು ಸಂದರ್ಭವಿದೆ. ಕಫದಲ್ಲಿ ರೋಗಾಣು ಸಿಗದೆ, ಎಕ್ಸ್‌ರೇಯ ನೆರಳನ್ನಷ್ಟೇ ನೋಡಿ ಕ್ಷಯದ ಚಿಕಿತ್ಸೆ ಆರಂಭಿಸಿದವರಲ್ಲಿ ಕೆಲವರಿಗೆ ಇರುವುದು ಕ್ಯಾನ್ಸರ್. ಗುಳಿಗೆ ತಪ್ಪದೆ ನುಂಗಿಯೂ ಎರಡು ತಿಂಗಳಲ್ಲಿ ಕೆಮ್ಮು ಇಳಿಯದಿದ್ದರೆ, ತೂಕ ಏರದಿದ್ದರೆ ಅದನ್ನು ವೈದ್ಯರ ಗಮನಕ್ಕೆ ತರುವುದು ಗುಳಿಗೆ ಕೊಡುವವರ ಕರ್ತವ್ಯ. ತೂಕದ ಯಂತ್ರ ಇಲ್ಲಿ ದುಬಾರಿ ಯಂತ್ರಗಳಷ್ಟೇ ಬೆಲೆಯುಳ್ಳ ಸಾಧನ.

ಉಪಕೇಂದ್ರದಲ್ಲೇ ಗಮನಿಸಬಹುದಾದ ಚಿಹ್ನೆಗಳೂ ಇವೆ. ಹಲವು ವಾರಗಳಿಂದ ಒಡೆದ ಧ್ವನಿ, ಕೊರಳ ಬುಡದಲ್ಲಿ ಗಂಟು, ಮುಖ ಮತ್ತು ಕತ್ತಿನ ಬಾವು, ಒಂದೇ ಬದಿಯ ಹೆಗಲಿನ ಬಿಡದ ನೋವು. ಬೆರಳ ತುದಿ ಡೋಲಿನ ಕೋಲಿನ ತುದಿಯಂತೆ ಉಬ್ಬುವುದು ಇನ್ನೊಂದು. ಇದನ್ನು ನೋಡಲು ಎರಡೂ ಕೈಯ ಒಂದೇ ಬೆರಳುಗಳ ಉಗುರಿಗೆ ಉಗುರು ತಾಗಿಸಿ ಬೆಳಕಿಗೆ ಹಿಡಿಯಬೇಕು. ಉಗುರಿನ ಬುಡದಲ್ಲಿ ಸಣ್ಣ ವಜ್ರಾಕಾರದ ಸಂದಿನಿಂದ ಬೆಳಕು ಕಾಣಬೇಕು. ಸಂದು ಮುಚ್ಚಿಹೋಗಿದ್ದರೆ ಎದೆಯ ಪರೀಕ್ಷೆ ಅಗತ್ಯ. ಕ್ಯಾನ್ಸರ್ ಅಲ್ಲದ ರೋಗಗಳಲ್ಲೂ ಇದು ಕಾಣುತ್ತದೆ, ಆದರೆ ಒಂದು ನಿಮಿಷ ಹಿಡಿಯದ ಈ ಪರೀಕ್ಷೆಗೆ ಖರ್ಚಿಲ್ಲ.

ತಂಬಾಕು ಬಿಡಿಸುವಿಕೆ

ತಪಾಸಣೆಯಿಂದ ಉಳಿಯುವ ಜೀವಗಳಿಗಿಂತ ತಂಬಾಕು ಬಿಡಿಸುವುದರಿಂದ ಉಳಿಯುವ ಜೀವಗಳು ಹೆಚ್ಚು. ಧೂಮಪಾನ ಬಿಟ್ಟು ಹತ್ತು ವರ್ಷವಾಗುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007–08ರಲ್ಲಿ ಆರಂಭವಾಯಿತು. ಅದರಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿವೆ. 1800-11-2356 ರಾಷ್ಟ್ರೀಯ ಉಚಿತ ಸಹಾಯವಾಣಿ.

ಶುಶ್ರೂಷಕಿ ಬಳಸುವ ಕ್ರಮದಲ್ಲಿ ಐದು ಹೆಜ್ಜೆ: ಕೇಳುವುದು, ಬಿಡಲು ಹೇಳುವುದು, ಮನಸ್ಸಿದೆಯೇ ಎಂದು ತಿಳಿಯುವುದು, ನೆರವಾಗುವುದು, ಮತ್ತೆ ಭೇಟಿಗೆ ದಿನ ಗೊತ್ತುಮಾಡುವುದು. ಕೊನೆಯ ಹೆಜ್ಜೆ ತಪ್ಪಿದರೆ ಮೊದಲ ನಾಲ್ಕು ವ್ಯರ್ಥ. ಬಿಟ್ಟ ಮೊದಲ ವಾರಗಳ ಸಿಡುಕು, ನಿದ್ದೆಗೇಡು, ಬೆಳಗಿನ ಮಲಬದ್ಧತೆ ಮರಳಿ ಬೀಡಿಗೆ ಎಳೆಯುತ್ತವೆ. ಅವು ತಾತ್ಕಾಲಿಕ ಎಂದು ಮುಂಚೆಯೇ ಹೇಳಿದ್ದರೆ ಜನ ತಡೆದುಕೊಳ್ಳುತ್ತಾರೆ. ಬೀಡಿ ಬಿಟ್ಟು ಗುಟ್ಕಾ ಹಿಡಿಯುವುದು ಬಿಟ್ಟಂತಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಸಿ.ಟಿ. ತಪಾಸಣೆಯ ಕೆಲಸ

ಸಿ.ಟಿ. ತಪಾಸಣೆ ಲಭ್ಯವಿರುವಲ್ಲಿ ಶುಶ್ರೂಷಕಿಯ ಕೆಲಸ ಸ್ಕ್ಯಾನ್‌ಗೆ ಮೊದಲೇ ಆರಂಭವಾಗುತ್ತದೆ. ಕಡಿಮೆ ಪ್ರಮಾಣದ ಸಿ.ಟಿ.ಯ ವಿಕಿರಣ ಸುಮಾರು 1.5 ಮಿಲಿಸೀವರ್ಟ್. ಸಾಮಾನ್ಯ ಎದೆ ಸಿ.ಟಿ.ಯದು ಇದರ ನಾಲ್ಕೈದು ಪಟ್ಟು. ಒಮ್ಮೆ ಮಾಡಿಸಿದರೆ ಮುಗಿಯಿತು ಎಂದಲ್ಲ, ಮತ್ತೆ ಮತ್ತೆ ಬರಬೇಕು. ಗಂಟು ಕಂಡರೂ ಅದು ಕ್ಯಾನ್ಸರ್ ಎಂದಲ್ಲ, ಕಾಣದಿದ್ದರೆ ಸೇದಲು ಪರವಾನಗಿ ಸಿಕ್ಕಿತೆಂದೂ ಅಲ್ಲ. ಇವಿಷ್ಟನ್ನೂ ತಿಳಿಸಿ ಒಪ್ಪಿಗೆ ಪಡೆಯುವುದು ಆಕೆಯ ಹೊಣೆ. ನಂತರ ಗಂಟಿನ ಗಾತ್ರಕ್ಕೆ ತಕ್ಕಂತೆ ಮೂರು, ಆರು ಅಥವಾ ಹನ್ನೆರಡು ತಿಂಗಳಿಗೆ ಮರುಸ್ಕ್ಯಾನ್‌ನ ದಿನಗಳನ್ನು ಕಾಯುವುದು, ಸೂಜಿಯಿಂದ ತುಣುಕು ತೆಗೆದ ಮೇಲೆ ಎದೆಯೊಳಗೆ ಗಾಳಿ ಸೋರಿ ಉಸಿರು ಕಟ್ಟದಂತೆ ನಿಗಾ ಇಡುವುದು ಸೇರುತ್ತವೆ. ಭಾರತದಲ್ಲಿ ಸಿ.ಟಿ.ಗೆ ಬರೆದುಕೊಡುವ ಅಧಿಕಾರ ವೈದ್ಯರದು.

ಚಿಕಿತ್ಸೆಯ ಮಾರ್ಗದರ್ಶನ ಮತ್ತು ಮನೆ ಆರೈಕೆ

ಸಂಶಯ ಬಂದ ದಿನದಿಂದ ಚಿಕಿತ್ಸೆಯ ಮೊದಲ ದಿನದವರೆಗಿನ ಅವಧಿಯಲ್ಲಿ ರೋಗಿಗಳು ಕಣ್ಮರೆಯಾಗುವುದು ಹೆಚ್ಚು. ಎಕ್ಸ್‌ರೇ ಒಂದು ಕಡೆ, ಸಿ.ಟಿ. ಇನ್ನೊಂದು ಕಡೆ, ತುಣುಕು ಪರೀಕ್ಷೆಯ ವರದಿಗೆ ಹಲವು ದಿನದ ಕಾಯುವಿಕೆ, ಚಿಕಿತ್ಸೆ ಬೇರೆ ಊರಿನಲ್ಲಿ. ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು, ಶಿಫಾರಸು ಪತ್ರ ಹೊರಡುವ ಮೊದಲೇ ಸಿದ್ಧವಿದ್ದರೆ ಒಂದು ಸುತ್ತು ಉಳಿಯುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ಈ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಬಸ್ಸಿನ ಖರ್ಚು, ಜೊತೆಗೆ ಬಂದವರ ಕಳೆದುಹೋದ ಕೂಲಿ ಯಾವ ಕಾರ್ಡಿನಲ್ಲೂ ಇಲ್ಲ.

ಭಾರತದಲ್ಲಿ ಈ ರೋಗಿಗಳಲ್ಲಿ ಬಹುಪಾಲು ಜನ ಪತ್ತೆಯಾಗುವುದು 3 ಅಥವಾ 4ನೇ ಹಂತದಲ್ಲಿ. ಆದ್ದರಿಂದ ನೋವು, ದಮ್ಮು, ಹಸಿವಿಲ್ಲದಿರುವಿಕೆಯ ಉಪಶಮನ ಆರೈಕೆ ಶುಶ್ರೂಷಾ ಪಾತ್ರದ ಅಂಚಿನ ಭಾಗವಲ್ಲ, ತಿರುಳು. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ಬಂದ ತಿದ್ದುಪಡಿ ನೋವು ನಿವಾರಕ ಮಾರ್ಫಿನ್ ಪೂರೈಕೆಯ ತೊಡಕುಗಳನ್ನು ಸಡಿಲಿಸಿತು. ಮನೆಯಲ್ಲಿ ರೋಗಿಯನ್ನು ಒರಗಿಸಿ ಕೂರಿಸುವುದು, ಮುಖಕ್ಕೆ ಬೀಸಣಿಗೆಯ ಗಾಳಿ ತಾಗುವಂತೆ ಮಾಡುವುದು ಉಸಿರಾಟದ ಸಂಕಟವನ್ನು ತಗ್ಗಿಸುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಸೆಕೆಯಲ್ಲಿ ಇದು ಸಣ್ಣ ಸಲಹೆಯಲ್ಲ.

ತರಬೇತಿ

ಎ.ಎನ್.ಎಂ. ಎರಡು ವರ್ಷದ, ಜಿ.ಎನ್.ಎಂ. ಮೂರು ವರ್ಷದ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕೋರ್ಸು. ಪಠ್ಯದ ಮಾನದಂಡ ಭಾರತೀಯ ಶುಶ್ರೂಷಾ ಪರಿಷತ್ತಿನದು. ರಾಜ್ಯದ ಹೆಚ್ಚಿನ ಪದವಿ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಸಿ.ಎಚ್.ಒ. ಹುದ್ದೆಗೆ ಆರು ತಿಂಗಳ ಸಮುದಾಯ ಆರೋಗ್ಯ ಪ್ರಮಾಣಪತ್ರ ಬೇಕಿತ್ತು, ಈಗ ಅದನ್ನು ಪದವಿಯಲ್ಲೇ ಸೇರಿಸಲಾಗಿದೆ. ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಗೆ ಪ್ರತ್ಯೇಕ ತರಬೇತಿ ಕೈಪಿಡಿಗಳಿವೆ. ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಬಲ್ಲ ಸಿಬ್ಬಂದಿಗೆ ಈ ಜಿಲ್ಲೆಯಲ್ಲಿ ಸಹಜವಾಗಿಯೇ ಹೆಚ್ಚು ಉತ್ತರ ಸಿಗುತ್ತದೆ.

ಮಿತಿಗಳು

ಮೊದಲ ಮಿತಿ ಸಮಯ. ಒಂದು ಉಪಕೇಂದ್ರದ ಸಿಬ್ಬಂದಿ ಲಸಿಕೆ, ಬಾಣಂತಿ, ಕ್ಷಯ, ಮಧುಮೇಹ, ಡೆಂಗಿ ಎಲ್ಲವನ್ನೂ ನೋಡಬೇಕು. ಎರಡನೆಯದು ಗುಳೆ. ಸುಗ್ಗಿ ಮುಗಿದು ಊರು ಬಿಟ್ಟವರು ಮುಂಗಾರಿಗೆ ಮರಳುವವರೆಗೆ ಮರುಪರೀಕ್ಷೆಯ ದಿನಗಳು ಹಾಗೇ ದಾಟಿಹೋಗುತ್ತವೆ. ಬೀಗ ಹಾಕಿದ ಮನೆಯ ಮುಂದೆ ನಿಂತ ಆಶಾ ಪಕ್ಕದ ಮನೆಯಿಂದ ಮೊಬೈಲ್ ನಂಬರ್ ಪಡೆದರೂ ಪುಣೆಯ ಕಟ್ಟಡದ ಕೆಲಸದಲ್ಲಿರುವವರನ್ನು ಎಕ್ಸ್‌ರೇಗೆ ಕಳಿಸುವುದು ಕಷ್ಟ. ಗುಳೆ ಹೊರಡುವ ಮೊದಲಿನ ವಾರಗಳು ಮತ್ತು ಮರಳಿದ ಮೊದಲ ವಾರಗಳು ತಪಾಸಣೆಗೆ ತಕ್ಕ ಸಮಯ. ಮೂರನೆಯದು ಸಂಕೋಚ. ಹಿರಿಯ ಗಂಡಸರು ಎಳೆಯ ನರ್ಸಮ್ಮನ ಮುಂದೆ ಬೀಡಿಯ ಲೆಕ್ಕ ಕಡಿಮೆ ಹೇಳುತ್ತಾರೆ, ಹೆಂಗಸರು ಸೇದುವುದನ್ನು ಒಪ್ಪಿಕೊಳ್ಳುವುದೇ ಇಲ್ಲ.

ಈಗಿನ ಸ್ಥಿತಿ

ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ಸುಮಾರು 81 ಸಾವಿರ ಹೊಸ ಪ್ರಕರಣಗಳೂ ಸುಮಾರು 75 ಸಾವಿರ ಸಾವುಗಳೂ ಸಂಭವಿಸಿದವು. ಈ ಎರಡು ಸಂಖ್ಯೆಗಳ ಸಾಮೀಪ್ಯವೇ ರೋಗ ತಡವಾಗಿ ಪತ್ತೆಯಾಗುತ್ತಿರುವುದನ್ನು ತೋರಿಸುತ್ತದೆ. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2025ರಲ್ಲಿ ರಾಜ್ಯಕ್ಕೆ ವಿಸ್ತರಿಸಿತು. ಸಿಬ್ಬಂದಿ ಮನೆಗಳಿಗೇ ಹೋಗಿ ಅಸಾಂಕ್ರಾಮಿಕ ರೋಗಗಳ ತಪಾಸಣೆ ಮಾಡುವ ಈ ಯೋಜನೆಯ ಕ್ಯಾನ್ಸರ್ ಪಟ್ಟಿಯಲ್ಲೂ ಇರುವುದು ಬಾಯಿ, ಸ್ತನ, ಗರ್ಭಕೊರಳು. 2025ರಲ್ಲಿ ರಾಜ್ಯದ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಹಗಲು ಕಿಮೊಥೆರಪಿ ಕೇಂದ್ರಗಳು ಆರಂಭವಾದವು. ರಾಯಚೂರಿಗೆ ಏಮ್ಸ್ ಬೇಕೆಂಬ ಅನಿರ್ದಿಷ್ಟಾವಧಿ ಧರಣಿ 2022ರ ಮೇ ತಿಂಗಳಲ್ಲಿ ನಗರದಲ್ಲಿ ಶುರುವಾಗಿ ಸಾವಿರ ದಿನಗಳನ್ನೂ ದಾಟಿತು. ಬೇಡಿಕೆಯ ಹಿಂದಿರುವುದು ದೊಡ್ಡ ಚಿಕಿತ್ಸೆಗೆ ಜಿಲ್ಲೆ ಬಿಟ್ಟು ಹೋಗಬೇಕಾದ ಅದೇ ದೂರ. ದೇವದುರ್ಗ ಮತ್ತು ಮಾನ್ವಿಯವರಿಗೆ ರಾಯಚೂರು ನಗರವೇ ಸುಮಾರು 50 ಕಿಲೋಮೀಟರ್ ಆಚೆ. ಎಕ್ಸ್‌ರೇಯಲ್ಲಿ ನೆರಳು ಕಂಡ ಮೇಲೆ ಆ ದಾರಿಯ ಮೊದಲ ಬಸ್ಸು ಯಾವ ದಿನ ಹತ್ತುವುದು ಎಂಬುದು ಈಗಲೂ ಉಪಕೇಂದ್ರದ ಕಟ್ಟೆಯ ಮೇಲೆ, ಸಿಸ್ಟರ್ ಮತ್ತು ಮನೆಯವರ ಮಾತಿನಲ್ಲಿ ತೀರ್ಮಾನವಾಗುತ್ತದೆ.